ಹುಲ್ಲಿನ ಬುಡ ಹುಡುಕಿ ಏಳು ದಿನ

ಮೊದಲ ದಿನ: ಕ್ರೈಸ್ಟ್‌ಚರ್ಚ್, ನ್ಯೂಜಿಲೆಂಡ್

ವಿಮಾನ ನಿಲ್ದಾಣದಲ್ಲಿ ನಮ್ಮ ಪಾಸ್‌ಪೋರ್ಟಿಗಿಂತ ಜಾಸ್ತಿ ಹೊತ್ತು ನೋಡಿದ್ದು ಚಟ್ನಿಪುಡಿಯನ್ನು. ಇವಳು ಫಾರಂನಲ್ಲಿ ಎಲ್ಲಾ ಬರೆದುಕೊಟ್ಟಿದ್ದಳು, ತೊಂದರೆ ಆಗಲಿಲ್ಲ. ಸಿಕ್ಕಿಬಿದ್ದಿದ್ದು ನನ್ನ ಶೂ. ಅಡಿಯ ಗೀರುಗಳಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮಣ್ಣು ಒಣಗಿ ಕೂತಿತ್ತು. ಅಧಿಕಾರಿ ನಗುತ್ತಲೇ ಒಳಗೆ ಒಯ್ದು, ತೊಳೆದು, ಕಾಲು ಗಂಟೆಯ ಮೇಲೆ ವಾಪಸ್ ಕೊಟ್ಟರು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಶೂ ಇಷ್ಟು ಚೊಕ್ಕಟವಾಗಿದ್ದನ್ನು ಇವಳು ನೋಡಿದ್ದು ಅದೇ ಮೊದಲು.

ಹೊರಗಿನ ಒಂದು ಬೀಜ, ಒಂದು ಹುಳ ಎಂದರೂ ಈ ದೇಶಕ್ಕೆ ಭಯ. ಸುಮ್ನೆ ಅಲ್ಲ ಆ ಭಯ. ಬಾವಲಿಗಳನ್ನು ಬಿಟ್ಟರೆ ಇಲ್ಲಿನ ಕಾಡುಗಳಲ್ಲಿ ಮೊಲೆಯೂಡುವ ಪ್ರಾಣಿಯೇ ಇರಲಿಲ್ಲ. ಇಲಿ, ಬೆಕ್ಕು, ಜಿಂಕೆ, ನೋಡಲು ಮುಂಗುಸಿಯಂತಿರುವ ಸ್ಟೋಟ್ ಎಲ್ಲಾ ಮನುಷ್ಯರ ಜೊತೆ ಹಡಗಿನಲ್ಲಿ ಬಂದವು. ಹಾರುವುದನ್ನೇ ಬಿಟ್ಟು ನೆಲದ ಮೇಲೆ ಆರಾಮಾಗಿ ಓಡಾಡಿಕೊಂಡಿದ್ದ ಹಕ್ಕಿಗಳ ಗತಿ ಏನಾಗಬೇಕು?

ನಾನು ಬಂದಿದ್ದು ಎರಡು ಹಕ್ಕಿಗಾಗಿ. ಎರಡೂ ನಮ್ಮ ಕೆರೆಯ ಹಕ್ಕಿಗಳ ದಾಯಾದಿಗಳು. ಒಂದು, ನಮ್ಮ ಮೆಟ್ಟುಗಾಲು ಹಕ್ಕಿಯ ಕಪ್ಪು ತಮ್ಮ ಕಕೀ. ಇನ್ನೊಂದು, ನಮ್ಮ ನೇರಳೆ ಜಂಬುಕೋಳಿಯ ದಪ್ಪ ಅಣ್ಣ ತಾಕಹೇ. ಎರಡೂ ಇನ್ನೇನು ಮುಗಿದೇಹೋದವು ಎನ್ನುವಾಗ ಮನುಷ್ಯರು ಮೊಟ್ಟೆ ಎತ್ತಿ, ಮರಿ ಮಾಡಿಸಿ, ಸಾಕಿ, ಮತ್ತೆ ಹೊರಗೆ ಬಿಟ್ಟು ಉಳಿಸಿಕೊಂಡವು.

ರಾತ್ರಿ ಎಂಟೂವರೆಗೂ ಬಿಸಿಲಿತ್ತು. ತಂಗಿಯ ಮಗ ಇಲ್ಲಿ ಆರು ವರ್ಷದಿಂದ ಕೆಲಸದಲ್ಲಿದ್ದಾನೆ. ಅವನೇ ಅನ್ನ ಸಾರು ಮಾಡಿದ್ದ. ಸಾರು ಅಂತ ಹೇಳಿದ್ದರಿಂದ ಸಾರು ಅಂತ ಗೊತ್ತಾಯಿತು.

ಎರಡನೆಯ ದಿನ: ಟೆಕಪೊ

ಕ್ರೈಸ್ಟ್‌ಚರ್ಚ್‌ನಿಂದ ಟೆಕಪೊಗೆ ಮೂರು ಗಂಟೆಯ ದಾರಿ. ಇಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುವುದು. ಬರ್ಕ್ಸ್ ಪಾಸ್ ದಾಟಿದ ಕೂಡಲೇ ನೆಲ ಬಣ್ಣ ಬದಲಿಸುತ್ತದೆ. ಹಸಿರು ಹೋಗಿ ಒಣ ಹುಲ್ಲಿನ ಬಣ್ಣ ಬರುತ್ತದೆ. ನಮ್ಮ ಚಿತ್ರದುರ್ಗದ ಕಡೆ ಬೇಸಿಗೆಯಲ್ಲಿ ಹೋದಂತೆ, ಹಿಂದೆ ಹಿಮದ ಬೆಟ್ಟ ಮಾತ್ರ ಎಕ್ಸ್‌ಟ್ರಾ.

ದಾರಿಯಲ್ಲಿ ತಂಗಿಯ ಮಗ ಕೇಳಿದ, "ಮಾವ, ಹಕ್ಕಿಗೆ ತಿನ್ನೋದನ್ನ ಯಾರಾದ್ರೂ ಹೇಳಿಕೊಡಬೇಕಾ? ಹುಟ್ಟಿದಾಗಲೇ ಬರಲ್ವಾ?"

ಇದೇ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ಇಷ್ಟು ದೂರ ಬಂದಿದ್ದು. ಅವನಿಗೆ ಗಿಳಿಗಳ ಕಥೆ ಹೇಳಿದೆ. 1986ರಲ್ಲಿ ಅಮೆರಿಕದ ಅರಿಜೋನಾ ಬೆಟ್ಟಗಳಿಗೆ ದಪ್ಪ ಕೊಕ್ಕಿನ ಗಿಳಿಗಳನ್ನು ಬಿಟ್ಟರು. ಪೈನ್ ಕಾಯಿ ಸುಲಿದು ಒಳಗಿನ ಬೀಜ ತಿನ್ನುವ ಗಿಳಿಗಳು ಅವು. ಕಾಡಿನಲ್ಲಿ ಬೆಳೆದು ಸಿಕ್ಕಿಬಿದ್ದಿದ್ದ ಗಿಳಿಗಳು ಒಂದಷ್ಟು ಕಾಲ ನಿಭಾಯಿಸಿದವು. ಪಂಜರದಲ್ಲೇ ಹುಟ್ಟಿದವು ಪೈನ್ ಕಾಯಿ ಹಿಡಿದು ತಡಕಾಡಿದವು. ಕೊಕ್ಕು ಅದೇ, ಕಾಲು ಅದೇ, ಆದರೆ ಯಾವ ಕಡೆಯಿಂದ ಶುರು ಮಾಡಬೇಕು ಅಂತ ಗೊತ್ತಿಲ್ಲ. ಗುಂಪಿನ ಜೊತೆ ಹಾರುವುದೂ ಗೊತ್ತಿಲ್ಲ. ಗಿಡುಗಗಳ ಪಾಲಾದವು.

"ನಾನು ಇಲ್ಲಿಗೆ ಬಂದ ಹೊಸದರಲ್ಲಿ ಹಂಗೇ ಇದ್ದೆ" ಅಂದ ಅವನು.

ಟೆಕಪೊ ಕೆರೆಯ ದಡದಲ್ಲಿ ನೇರಳೆ, ಗುಲಾಬಿ ಬಣ್ಣದ ಲೂಪಿನ್ ಹೂವು ಎದೆಯೆತ್ತರ ಬೆಳೆದಿತ್ತು. ಬಸ್ಸುಗಟ್ಟಲೆ ಜನ ಇಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇವಳೂ ರೇಷ್ಮೆ ಶಾಲು ಹೊದ್ದು ನಿಂತಳು. ನಾನು ಇಪ್ಪತ್ತು ಫೋಟೊ ತೆಗೆದೆ. ಆಮೇಲೆ ಗೊತ್ತಾಯಿತು, ಈ ಹೂವೂ ಹೊರಗಿನದು. ಹೊಳೆಯ ನಡುವಿನ ಬರಿಗಲ್ಲಿನ ದಿಬ್ಬಗಳ ಮೇಲೆ ಹಬ್ಬಿಬಿಡುತ್ತದೆ. ಕಕೀ ಮೊಟ್ಟೆಯಿಡುವ ಜಾಗವೇ ಅದು. ಹೂವಿನ ಮರೆಯಲ್ಲಿ ಬೆಕ್ಕು, ಸ್ಟೋಟ್ ಹೊಂಚು ಹಾಕಲೂ ಅನುಕೂಲ. ಇವಳಿಗೆ ಹೇಳಿದೆ. "ಫೋಟೊ ತೆಗೆಯೋಕೆ ಮುಂಚೆ ಹೇಳಬಾರದಿತ್ತಾ?" ಅಂದಳು.

ಮೂರನೆಯ ದಿನ: ಟ್ವೈಜಲ್

ಬೆಳಗ್ಗೆ ಟ್ವೈಜಲ್ ತಲುಪಿ ಚೀಲ ತೆಗೆದರೆ ದುರ್ಬೀನು ಇಲ್ಲ! ಟೆಕಪೊದ ರೂಮಿನ ಕಿಟಕಿಯ ಮೇಲೆ ಇಟ್ಟು ಬಂದಿದ್ದೆ. ತಪ್ಪು ನನ್ನದೇ. ಹೋಗಿ ಬರಲು 110 ಕಿ.ಮೀ.ಗಿಂತ ಜಾಸ್ತಿ. ಹಕ್ಕಿ ನೋಡುವವನಿಗೆ ಒಂದು ಬೆಳಗ್ಗೆ ಹೋದರೆ ಒಂದು ದಿನ ಹೋದ ಹಾಗೆ. ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಮಧ್ಯಾಹ್ನದ ಮೇಲೆ ಹೊಳೆಯ ಕಡೆ ಹೋದೆವು. ಇಲ್ಲಿನ ಹೊಳೆಗಳು ನಮ್ಮ ಹೊಳೆಗಳ ಹಾಗಲ್ಲ. ಅಗಲವಾದ ಕಲ್ಲುಹಾಸಿನ ಮೇಲೆ ಹತ್ತಾರು ಎಳೆಯಾಗಿ ಒಡೆದು, ಸೇರಿ, ಮತ್ತೆ ಒಡೆದು ಜಡೆ ಹೆಣೆದಂತೆ ಹರಿಯುತ್ತವೆ. ಹಿಮನದಿಯ ಪುಡಿ ಬೆರೆತು ನೀರು ಮಜ್ಜಿಗೆ ಬಣ್ಣ. ಕಕೀ ಈಗ ಮೊಟ್ಟೆಯಿಟ್ಟು ಮರಿ ಮಾಡುವುದು ಇಡೀ ಜಗತ್ತಿನಲ್ಲಿ ಈ ಕಣಿವೆಯ ಹೊಳೆಗಳ ಸುತ್ತಮುತ್ತ ಮಾತ್ರ. 1981ರಲ್ಲಿ ದೊಡ್ಡ ಹಕ್ಕಿಗಳು ಉಳಿದಿದ್ದು ಬರೀ 23. ಟ್ವೈಜಲ್‌ನಲ್ಲಿ ಸಂರಕ್ಷಣಾ ಇಲಾಖೆಯ ಸಾಕಣೆ ಕೇಂದ್ರ ಇದೆ. ಹೊಳೆಯಿಂದ ಮೊಟ್ಟೆ ಎತ್ತಿ ತಂದು, ಯಂತ್ರದಲ್ಲಿ ಮರಿ ಮಾಡಿಸಿ, ಸುಮಾರು ಒಂಬತ್ತು ತಿಂಗಳು ಸಾಕಿ, ಚಳಿಗಾಲ ಮುಗಿಯುತ್ತಾ ಬರುವಾಗ ಬಿಡುತ್ತಾರೆ. 2020ರ ಎಣಿಕೆಯಲ್ಲಿ ಕಾಡಿನ ದೊಡ್ಡ ಹಕ್ಕಿಗಳು 169 ಆಗಿದ್ದವು.

ಎರಡು ಗಂಟೆ ಕಾದೆವು. ಗಾಳಿಗೆ ನನ್ನ ಟೋಪಿ ಹೊಳೆ ಪಾಲಾಯಿತು. ಕೊನೆಗೆ ತಂಗಿಯ ಮಗನೇ ತೋರಿಸಿದ, "ಅಲ್ಲಿ ಕಪ್ಪಗೆ!"

ಇದ್ದಿಲಿನಂಥ ಕಪ್ಪು ಮೈ, ದಾಸವಾಳದ ಮೊಗ್ಗಿನ ಬಣ್ಣದ ಕಾಲು. ಸಣ್ಣ ನೀರಿನ ಎಳೆಯೊಂದರಲ್ಲಿ ಮೇಲ್ಮುಖವಾಗಿ ನಡೆಯುತ್ತಿತ್ತು. ತಿಳಿನೀರು ಇದ್ದಲ್ಲಿ ನೋಡಿ ನೋಡಿ ಕುಟುಕುತ್ತಿತ್ತು. ಮುಷ್ಟಿ ಗಾತ್ರದ ಕಲ್ಲು ಸಿಕ್ಕರೆ ಅದರ ಬುಡಕ್ಕೆ ಕೊಕ್ಕು ತೂರಿಸಿ ಎಳೆಯುತ್ತಿತ್ತು. ಕಲ್ಲಿನ ಅಡಿ ಅಂಟಿಕೊಂಡ ಹುಳಗಳೇ ಅದರ ಊಟ. ಒಂದು ಕಡೆ ಮಜ್ಜಿಗೆ ನೀರು ನುಗ್ಗಿತ್ತು. ಅಲ್ಲಿ ಪಾಠ ಬೇರೆ. ಕೊಕ್ಕನ್ನು ನೀರಲ್ಲಿ ಮುಳುಗಿಸಿ ಕುಡುಗೋಲು ಬೀಸಿದ ಹಾಗೆ ಎಡಕ್ಕೆ ಬಲಕ್ಕೆ ಆಡಿಸಿತು. ಕಣ್ಣಿಗೆ ಕಾಣದ್ದು ಕೊಕ್ಕಿಗೆ ತಗಲುತ್ತದೆ. ಐದು ನಿಮಿಷದಲ್ಲಿ ಒಂದೇ ಹಕ್ಕಿ ಮೂರು ಥರ ತಿಂದಿದ್ದನ್ನು ನೋಡಿದೆ.

ಸ್ವಲ್ಪ ಕೆಳಗೆ ಇನ್ನೊಂದಿತ್ತು. ಎದೆಯಲ್ಲಿ ಬಿಳಿ ಇನ್ನೂ ಪೂರ್ತಿ ಹೋಗಿಲ್ಲ, ಕಾಲಿನಲ್ಲಿ ಬಣ್ಣಬಣ್ಣದ ಬಳೆ. ಆಗಸ್ಟ್ ಹೊತ್ತಿಗೆ ಬಿಟ್ಟ ಮರಿ ಇರಬೇಕು. ಅದು ನಿಂತ ನೀರಿನ ಅಂಚಿನಲ್ಲೇ ಸುತ್ತುತ್ತಿತ್ತು. ಕುಟುಕುತ್ತಿತ್ತು, ಹುಳ ಸಿಗುತ್ತಲೂ ಇತ್ತು. ಕಲ್ಲಿನ ಬುಡಕ್ಕೆ ಮಾತ್ರ ಒಂದು ಸಲವೂ ಹೋಗಲಿಲ್ಲ. ಎರಡು ಹಕ್ಕಿ ನೋಡಿ ಶಾಸ್ತ್ರ ಹೇಳಬಾರದು, ಗೊತ್ತು. ಕಾಡಲ್ಲೇ ಹುಟ್ಟಿದ ಎಳೆ ಹಕ್ಕಿಯೂ ಹಾಗೇ ಮಾಡುತ್ತಿತ್ತೇನೋ. ಆದರೆ ಒಂಬತ್ತು ತಿಂಗಳು ಹೊತ್ತುಹೊತ್ತಿಗೆ ಊಟ ಮುಂದೆ ಬರುತ್ತಿದ್ದವನಿಗೆ ಅನ್ನ ಕಲ್ಲಿನ ಅಡಿ ಇದೆ ಅಂತ ಹೊಳೆಯುವುದು ಹೇಗೆ? ಸಂಜೆವರೆಗೂ ಅದನ್ನೇ ನೋಡಿದೆ. ಹೊರಡುವ ಹೊತ್ತಿಗೆ ದೊಡ್ಡದು ಇದ್ದ ಎಳೆಗೆ ಇದೂ ಬಂದಿತ್ತು, ಹತ್ತು ಮಾರು ಹಿಂದೆ.

ನಾಲ್ಕನೆಯ ದಿನ: ದಾರಿಯಲ್ಲೇ

ಟ್ವೈಜಲ್‌ನಿಂದ ತೆ ಆನಾವುಗೆ ಹೆಚ್ಚುಕಡಿಮೆ ಇಡೀ ದಿನ. ಲಿಂಡಿಸ್ ಪಾಸ್‌ನಲ್ಲಿ ನಿಲ್ಲಿಸಿದೆವು. ಕಣ್ಣು ಹಾಯುವಷ್ಟೂ ಟಸಕ್ ಹುಲ್ಲು. ಒಂದೊಂದು ಬುಡವೂ ನಮ್ಮ ಲಾವಂಚದ ಬುಡದಷ್ಟು ದಪ್ಪ, ಬಣ್ಣ ಜೋಳದ ಸೊಪ್ಪೆಯದು. ತಾಕಹೇ ತಿನ್ನುವುದು ಈ ಜಾತಿಯ ಹುಲ್ಲನ್ನೇ. ಇದು ಮೇವು ಅಂತ ಯಾರಾದರೂ ಹೇಳಿದರೆ ನಮ್ಮ ಹಳ್ಳಿಯ ಎಮ್ಮೆ ಮುಖ ತಿರುಗಿಸುತ್ತಿತ್ತು.

ಉಳಿದಂತೆ ಹೇಳುವಂಥದ್ದೇನಿಲ್ಲ. ಕ್ವೀನ್ಸ್‌ಟೌನಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತಿ ಸುತ್ತಿ ಮುಂದೆ ಹೋದೆವು.

ಐದನೆಯ ದಿನ: ತೆ ಆನಾವು

1898ರ ಮೇಲೆ ತಾಕಹೇ ಯಾರ ಕೈಗೂ ಸಿಕ್ಕಿರಲಿಲ್ಲ. ಮುಗಿದುಹೋದ ಹಕ್ಕಿ ಎಂದು ಪುಸ್ತಕಗಳು ಬರೆದುಬಿಟ್ಟಿದ್ದವು. 1948ರ ನವೆಂಬರ್ 20ರಂದು ಜೆಫ್ರಿ ಆರ್ಬೆಲ್ ಎನ್ನುವ ವೈದ್ಯರು ಗೆಳೆಯರ ಜೊತೆ ಮರ್ಚಿಸನ್ ಬೆಟ್ಟ ಹತ್ತಿ ಅದನ್ನು ಮತ್ತೆ ಕಂಡರು. ಆ ಬೆಟ್ಟ ತೆ ಆನಾವು ಕೆರೆಯ ಆಚೆ ದಡದಲ್ಲೇ ಇದೆ, ನಮ್ಮ ರೂಮಿನ ಕಿಟಕಿಯಿಂದ ಮೋಡ ಸರಿದಾಗ ಕಾಣುತ್ತದೆ. ಜನರಿಗೆ ಅಲ್ಲಿ ಪ್ರವೇಶ ಇಲ್ಲ. ತಾಕಹೇ ನೋಡಬೇಕು ಅಂದರೆ ಈಚೆ ದಡದ ಪಕ್ಷಿಧಾಮಕ್ಕೆ ಹೋಗಬೇಕು. ಟಿಕೆಟ್ ಇಲ್ಲ, ಕೆರೆ ದಂಡೆಯಲ್ಲಿ ವಾಕಿಂಗ್ ಹೋದ ಹಾಗೆ ಹೋಗಿ ನೋಡುವುದು.

ಮೊದಲು ನೋಡಿದಾಗ ನಗು ಬಂತು. ನಮ್ಮ ಜಂಬುಕೋಳಿಯನ್ನು ಯಾರೋ ಪಂಪು ಹಾಕಿ ಊದಿಸಿದ್ದಾರೆ! ಮೂರು ಕಿಲೋ ತೂಗುತ್ತದೆ. ನವಿಲಿನ ನೀಲಿ, ಬೆನ್ನಿನ ಮೇಲೆ ಹಸಿರು, ಕೊಕ್ಕು ಮಾತ್ರ ಕೆಂಪು ಇಕ್ಕಳ. ರೆಕ್ಕೆ ಇದೆ, ಹಾರುವುದಿಲ್ಲ. ದನಕರು ಇಲ್ಲದ ನಾಡಿನಲ್ಲಿ ಹುಲ್ಲು ಮೇಯುವ ಕೆಲಸವನ್ನು ಈ ಕೋಳಿ ವಹಿಸಿಕೊಂಡಿತ್ತು.

ಇದರ ಊಟದ ಕ್ರಮ ಕೇಳಿ. ಟಸಕ್ ಬುಡದಿಂದ ಒಂದೇ ಒಂದು ಕಡ್ಡಿಯನ್ನು ಆರಿಸಿ ಕೊಕ್ಕಿನಿಂದ ಎಳೆಯುತ್ತದೆ. ಕಡ್ಡಿ ಬುಡಸಮೇತ ಕಿತ್ತು ಬರುತ್ತದೆ. ಅದನ್ನು ಒಂದು ಕಾಲಿನಲ್ಲಿ ಹಿಡಿದು, ಒಂಟಿ ಕಾಲಲ್ಲಿ ನಿಂತು, ಬುಡದ ಬೆಳ್ಳಗಿನ ಎಳೆ ಭಾಗವನ್ನು ಮಾತ್ರ ಕಚ್ಚಿ ತಿನ್ನುತ್ತದೆ. ಉಳಿದ ಉದ್ದ ಎಲೆ ಬಿಸಾಡುತ್ತದೆ. ಸಿಹಿ, ಸತ್ವ ಎಲ್ಲ ಇರುವುದು ಆ ಬುಡದಲ್ಲೇ. ಚಿಕ್ಕವರಿದ್ದಾಗ ನಾವೂ ಗದ್ದೆ ಬದುವಿನ ಹುಲ್ಲು ಸರ್ರನೆ ಎಳೆದು ಬುಡ ಚೀಪುತ್ತಿದ್ದೆವು, ಅಲ್ವಾ? ಅದೇ. ಅವತ್ತು ನಮಗೂ ಯಾರೋ ದೊಡ್ಡ ಹುಡುಗ ತೋರಿಸಿಕೊಟ್ಟಿದ್ದ.

ಜಿಂಕೆಗಳು ಇಲ್ಲಿಗೆ ಬಂದ ಮೇಲೆ ತಂದ ತೊಂದರೆ ಈ ಬುಡದ್ದೇ. ತಾಕಹೇ ಒಂದೊಂದೇ ಕಡ್ಡಿ ಕೀಳುತ್ತದೆ, ಬುಡ ಮತ್ತೆ ಚಿಗುರುತ್ತದೆ. ಜಿಂಕೆ ಒಳ್ಳೆಯ ಬುಡವನ್ನೇ ಹುಡುಕಿ ಪೂರ್ತಿ ಮೇಯುತ್ತದೆ. ಅದರ ಮೇಲೆ ಸ್ಟೋಟ್ ಕಾಟ. 1980ರ ದಶಕದ ಆರಂಭದಲ್ಲಿ ತಾಕಹೇ 118ಕ್ಕೆ ಇಳಿದವು. ಜಿಂಕೆಗಳನ್ನು ಬೇಟೆಯಾಡಿ ಕಡಿಮೆ ಮಾಡಿದರು. 1985ರಲ್ಲಿ ಇಲ್ಲೇ ಹತ್ತಿರದ ಬರ್ವುಡ್‌ನಲ್ಲಿ ಮರಿ ಸಾಕುವ ಕೇಂದ್ರ ಮಾಡಿದರು. ಈಗ ಎಲ್ಲಾ ಸೇರಿ ಐನೂರರ ಆಸುಪಾಸು.

ಬರ್ವುಡ್‌ನಲ್ಲಿ ಮೊದಮೊದಲು ಬೊಂಬೆಯಾಟ ನಡೆಯಿತು. ಮರಿ ಮನುಷ್ಯನ ಮುಖ ನೋಡಿ ಅಮ್ಮ ಅಂದುಕೊಳ್ಳಬಾರದು ಅಂತ ತಾಕಹೇ ತಲೆಯ ಬೊಂಬೆಯನ್ನು ಕೈಗೆ ಹಾಕಿಕೊಂಡು ಆ ಕೊಕ್ಕಿನಿಂದಲೇ ಉಣಿಸುತ್ತಿದ್ದರು. ಹಾಗೆ ಬೆಳೆದವನ್ನು ಮರ್ಚಿಸನ್ ಬೆಟ್ಟಕ್ಕೆ ಬಿಟ್ಟಾಗ ಏನಾಯಿತು? ನಾನು ಕೆಟ್ಟ ಸುದ್ದಿಯನ್ನೇ ನಿರೀಕ್ಷಿಸಿದ್ದೆ. ಹಾಗೇನೂ ಆಗಲಿಲ್ಲ. ಬದುಕಿ ಉಳಿಯುವುದರಲ್ಲಿ ಅವು ಕಾಡಿನ ಮರಿಗಳಿಗಿಂತ ತೀರಾ ಹಿಂದೆ ಬೀಳಲಿಲ್ಲ. ಕಡ್ಡಿ ಎಳೆಯುವುದು, ಕಾಲಲ್ಲಿ ಹಿಡಿಯುವುದು ರಕ್ತದಲ್ಲೇ ಇದೆ. ನಮ್ಮ ಜಂಬುಕೋಳಿಯೂ ಜೊಂಡನ್ನು ಹಾಗೇ ಹಿಡಿಯುತ್ತದೆ. ತೊಡಕು ಇದ್ದಿದ್ದು ಮುಂದೆ. ಜೋಡಿಯಾಗಿ ಮರಿ ಸಾಕುವುದರಲ್ಲಿ ಅಪ್ಪ ಅಮ್ಮನ ಜೊತೆ ಬೆಳೆದವೇ ಮೇಲು ಎಂದು ಕಂಡಿತು. ಬೊಂಬೆಗಳನ್ನು ಕಪಾಟಿಗೆ ಸೇರಿಸಿ ಹತ್ತು ವರ್ಷ ದಾಟಿತು. ಈಗ ಮರಿಗಳನ್ನು ಹಕ್ಕಿಗಳೇ ಬೆಳೆಸುತ್ತವೆ, ಸ್ವಂತ ಅಪ್ಪ ಅಮ್ಮ ಇಲ್ಲದಿದ್ದರೆ ಸಾಕು ಅಪ್ಪ ಅಮ್ಮ.

ಧಾಮದಲ್ಲಿ ಬೆಳಗ್ಗೆ ಮೇವು ಹಾಕುವಾಗ ಒಬ್ಬ ಸ್ವಯಂಸೇವಕಿ ಸಿಕ್ಕರು. ಬೆಟ್ಟದಲ್ಲಿ ಹಿಮ ಬಿದ್ದು ಟಸಕ್ ಮುಚ್ಚಿಹೋದಾಗ ಏನು ಮಾಡುತ್ತವೆ ಅಂತ ಕೇಳಿದೆ. ಕಾಡಿನ ಒಳಗೆ ಇಳಿದು ಒಂದು ಜಾತಿಯ ಜರೀಗಿಡದ ಗೆಡ್ಡೆ ಅಗೆದು ತಿನ್ನುತ್ತವಂತೆ. ಚಳಿಗಾಲದಲ್ಲಿ ಅದರ ಎಲೆಯೂ ಒಣಗಿಹೋಗಿರುತ್ತದೆ, ಮೇಲೆ ಏನೂ ಗುರುತಿರುವುದಿಲ್ಲ. ನೆಲದ ಕೆಳಗಿನ ಪಿಷ್ಟದ ಗೆಡ್ಡೆ ಎಲ್ಲಿದೆ ಅಂತ ತಿಳಿದಿರಬೇಕು. ಇದನ್ನು ಯಾವ ಬೊಂಬೆ ಹೇಳಿಕೊಡುತ್ತದೆ?

ಆರನೆಯ ದಿನ: ಮಳೆ

ಬೆಳಗ್ಗೆಯಿಂದ ಮಳೆ. ಅವರಿಬ್ಬರೂ ಗುಹೆಯ ಮಿಂಚುಹುಳ ನೋಡಲು ಬೋಟಿನಲ್ಲಿ ಹೋದರು. ನಾನು ರೈನ್‌ಕೋಟ್ ಹಾಕಿಕೊಂಡು ಮತ್ತೆ ಧಾಮಕ್ಕೆ ಹೋದೆ. ನಾನು ಬಿಟ್ಟರೆ ಅಲ್ಲಿ ಒಬ್ಬ ಮುದುಕ, ಅವನ ಛತ್ರಿ.

ನಿನ್ನೆ ಕಂಡಿರದ ಮರಿ ಅವತ್ತು ಹೊರಗೆ ಬಂದಿತ್ತು. ಮಸಿ ಉಂಡೆ. ಅಷ್ಟು ಕಪ್ಪು, ಅಷ್ಟು ಗುಂಡಗೆ. ಅಮ್ಮನೋ ಅಪ್ಪನೋ, ನನಗೆ ವ್ಯತ್ಯಾಸ ತಿಳಿಯುವುದಿಲ್ಲ, ಒಂದು ದೊಡ್ಡ ಹಕ್ಕಿ ಟಸಕ್ ಬುಡದ ಹತ್ತಿರ ನಿಂತಿತು. ಒಂದು ಕಡ್ಡಿ ಹಿಡಿದು ಎಳೆಯಿತು. ಬರಲಿಲ್ಲ, ಬಿಟ್ಟಿತು. ಇನ್ನೊಂದು ಹಿಡಿಯಿತು. ಟಕ್ ಅಂತ ಬಂತು. ಕಾಲಿಗೆ ದಾಟಿಸಿತು. ಬುಡದ ತುದಿಯಿಂದ ಅಕ್ಕಿಕಾಳಿನಷ್ಟು ಚೂರು ಕಚ್ಚಿ, ನುಂಗದೆ, ಕೊಕ್ಕಿನ ತುದಿಯಲ್ಲಿ ಹಿಡಿದು ತಲೆ ತಗ್ಗಿಸಿತು. ಮರಿ ಓಡಿ ಬಂದು ತೆಗೆದುಕೊಂಡಿತು, ಬೀಳಿಸಿತು. ದೊಡ್ಡದು ಅದೇ ಚೂರನ್ನು ನೆಲದಿಂದ ಎತ್ತಿ ಮತ್ತೆ ಹಿಡಿಯಿತು. ಬೈಯಲಿಲ್ಲ, ಗದರಲಿಲ್ಲ. ನಾಲ್ಕನೇ ಸಲಕ್ಕೆ ಮರಿ ನುಂಗಿತು.

ಆಮೇಲೆ ಒಂದು ತಮಾಷೆ ನಡೆಯಿತು. ದೊಡ್ಡದು ಬಿಸಾಡಿದ ಉದ್ದ ಎಲೆಯನ್ನು ಮರಿ ಕಚ್ಚಿಕೊಂಡಿತು. ತುದಿಯ ಕಡೆಯಿಂದ! ಅಗಿಯಿತು, ಉಗಿಯಿತು, ಮತ್ತೆ ಅದನ್ನೇ ಅಗಿಯಿತು. ಎಲೆ ಅದರ ಮೈಗಿಂತ ಮೂರು ಪಟ್ಟು ಉದ್ದ, ತಿರುಗಿದ ಕಡೆಯೆಲ್ಲ ಕಾಲಿಗೆ ತೊಡರುತ್ತಿತ್ತು. ಕಾಲಿನಲ್ಲಿ ಹಿಡಿಯಲು ಹೋಗಿ ಮುಗ್ಗರಿಸಿತು. ಎದ್ದು, ಎಲೆ ಬಿಟ್ಟು, ದೊಡ್ಡದರ ಕೊಕ್ಕಿನ ಕೆಳಗೆ ಹೋಗಿ ನಿಂತು ಕೀಂಯ್ ಅಂದಿತು. ನಲವತ್ತು ನಿಮಿಷ ನೋಡಿದೆ. ಅಷ್ಟರಲ್ಲಿ ಬುಡ ಎಷ್ಟು ಸಲ ದಾಟಿತೋ ಲೆಕ್ಕ ತಪ್ಪಿತು. ತಿಂಗಳುಗಟ್ಟಲೆ ಹೀಗೇ ನಡೆಯುತ್ತದಂತೆ, ದಿನವಿಡೀ.

ಒದ್ದೆಯಾಗಿ ರೂಮಿಗೆ ಬಂದು ಬಿಸಿನೀರಲ್ಲಿ ಕಾಲಿಟ್ಟು ಕೂತಾಗ ನೆನಪಾದದ್ದು ನಮ್ಮ ಎರೆಭೂತ. ಒಂದು ಕಾಲಕ್ಕೆ ಬಯಲುಸೀಮೆಯ ಎರೆಹೊಲಗಳಲ್ಲಿ ಇದ್ದ ಹಕ್ಕಿ, ಈಗ ಸಿರುಗುಪ್ಪದ ಕಡೆ ಬೆರಳೆಣಿಕೆ. ರಾಜಸ್ಥಾನದ ಜೈಸಲ್ಮೇರ್ ಹತ್ತಿರ ಸಮ್‌ನಲ್ಲಿ 2019ರಿಂದ ಮೊಟ್ಟೆ ತಂದು ಮರಿ ಮಾಡಿಸುತ್ತಿದ್ದಾರೆ, ಮನುಷ್ಯರೇ ಉಣಿಸಿ ಬೆಳೆಸುತ್ತಿದ್ದಾರೆ. ಬೇರೆ ದಾರಿ ಇರಲಿಲ್ಲ, ನಿಜ. ಆದರೆ ಎರೆಭೂತದ ಮರಿ ತಿಂಗಳುಗಟ್ಟಲೆ ತಾಯಿಯ ಹಿಂದೆ ಹುಲ್ಲಲ್ಲಿ ಅಲೆಯುವ ಹಕ್ಕಿ. ಮಿಡತೆ ಯಾವ ಹೊತ್ತಿಗೆ ಎಲ್ಲಿರುತ್ತದೆ, ಬೋರೆ ಹಣ್ಣು ಯಾವಾಗ ಬೀಳುತ್ತದೆ, ಇದೆಲ್ಲಾ ಆ ಅಲೆದಾಟದ ಪಾಠ. ಬಯಲಿನಲ್ಲಿ ಬಲ್ಲ ಹಕ್ಕಿಗಳು ಒಂದಷ್ಟಾದರೂ ಉಳಿದಿರುವಾಗಲೇ ಇವನ್ನು ಅವುಗಳ ಜೊತೆ ಸೇರಿಸಬೇಕು. ತಡ ಆದಷ್ಟೂ ಕಷ್ಟ. ಇದು ನನ್ನ ಅಭಿಪ್ರಾಯ, ತಜ್ಞರು ಬೇರೆ ಹೇಳಬಹುದು.

ಏಳನೆಯ ದಿನ: ಡನೀಡಿನ್ ಕಡೆಗೆ

ತೆ ಆನಾವು ಬಿಟ್ಟು ಮಾಸ್‌ಬರ್ನ್ ದಾರಿ ಹಿಡಿದೆವು. ಬರ್ವುಡ್ ಕೇಂದ್ರ ಇರುವುದು ಇದೇ ಭಾಗದಲ್ಲಿ. ಜನರಿಗೆ ಪ್ರವೇಶ ಇಲ್ಲ, ನಾವೂ ಕೇಳಲಿಲ್ಲ. ಕಾರಿನ ಕಿಟಕಿಯಿಂದ ಕಂಡಿದ್ದು ಬೇಲಿ, ಮಂಜು, ಮೈಲಿಗಟ್ಟಲೆ ಟಸಕ್. ಅದರ ನಡುವೆ ಎಲ್ಲೋ ಒಂದು ಶಾಲೆ ನಡೆಯುತ್ತಿದೆ. ಶಾಲೆ ಅಂದಿದ್ದು ಅಲಂಕಾರಕ್ಕಲ್ಲ. ದ್ವೀಪಗಳಲ್ಲಿ, ಊರ ಪಕ್ಕದ ಬೇಲಿಯೊಳಗಿನ ಧಾಮಗಳಲ್ಲಿ ಹುಟ್ಟಿದ ತಾಕಹೇಗಳು ಮೆತ್ತನೆ ಹುಲ್ಲು ಮೇಯ್ದು ಬೆಳೆದಿರುತ್ತವೆ. ಕೆಲವು ಕಡೆ ಕಾಳಿನ ಉಂಡೆಯ ಡಬ್ಬಿಯೂ ಇರುತ್ತದೆ. ಬೆಟ್ಟಕ್ಕೆ ಬಿಡಬೇಕಾದ ಎಳೆಯ ಹಕ್ಕಿಗಳನ್ನು ಮೊದಲು ಬರ್ವುಡ್‌ಗೆ ತಂದು ಟಸಕ್ ತಿನ್ನಲು ಬಲ್ಲ ದೊಡ್ಡ ಹಕ್ಕಿಗಳ ಜೊತೆ ಬಿಡುತ್ತಾರೆ. ನೋಡಿ ಕಲಿತ ಮೇಲೆ ಬೆಟ್ಟ. 2018ರಲ್ಲಿ ಕಹುರಂಗಿ ರಾಷ್ಟ್ರೀಯ ಉದ್ಯಾನಕ್ಕೆ ಒಂದಷ್ಟು, 2023ರ ಆಗಸ್ಟ್‌ನಲ್ಲಿ ಗ್ರೀನ್‌ಸ್ಟೋನ್ ಕಣಿವೆಗೆ ಹದಿನೆಂಟು ಹಕ್ಕಿ ಹೋದವು.

ಗ್ರೀನ್‌ಸ್ಟೋನ್ ಇರುವುದು ಙಾಯ್ ತಾಹು ಎನ್ನುವ ಮಾವೊರಿ ಬುಡಕಟ್ಟಿನವರ ನೆಲದಲ್ಲಿ. ಹೌದು, ಙ. ಒಂದನೇ ಕ್ಲಾಸಿನಲ್ಲಿ ಕಲಿತು ಆಮೇಲೆ ಒಂದು ಸಲವೂ ಒಂಟಿಯಾಗಿ ಬಳಸದ ನಮ್ಮ ಅಕ್ಷರ. ಅದಕ್ಕೆ ಕೆಲಸ ಸಿಕ್ಕಿದ್ದು ಇಷ್ಟು ದೂರ ಬಂದ ಮೇಲೆ.

ಡನೀಡಿನ್ ಹತ್ತಿರದ ಒರೊಕೊನುಯಿ ಧಾಮದಲ್ಲಿ ಕೊನೆಯ ತಾಕಹೇ ನೋಡಿದೆವು. ಹುಲ್ಲುಹಾಸಿನ ಮೇಲೆ ನಮ್ಮ ಪಕ್ಕದಲ್ಲೇ ಮೇಯುತ್ತಾ ಹೋಯಿತು. ಚಪ್ಪಟೆ ಹುಲ್ಲು, ಎಳೆಯುವ ಕಷ್ಟ ಇಲ್ಲ, ಕಾಲಿಗೂ ಕೆಲಸ ಇಲ್ಲ. ಕೋಸು ಹೆಚ್ಚಿದ ಹಾಗೆ ಕಟಕಟ ಕತ್ತರಿಸಿಕೊಂಡು ಹೋಯಿತು. ದಪ್ಪಗೆ, ಆರೋಗ್ಯವಾಗಿ, ಸುಖವಾಗಿ ಇತ್ತು.

ಸಂಜೆ ರೂಮಿನಲ್ಲಿ ಇವಳು ಉಳಿದ ಚಟ್ನಿಪುಡಿಯನ್ನು ತಂಗಿಯ ಮಗನಿಗೆ ಕಟ್ಟಿಕೊಟ್ಟಳು. ಅವನು ಫೋನು ತೆಗೆದು ಬರೆದುಕೊಳ್ಳಲು ಕೂತ.

"ಅತ್ತೆ, ಸಾರಿನ ಪುಡಿಗೆ ಕೊತ್ತಂಬರಿ ಬೀಜ ಎಷ್ಟು?"

"ಒಂದು ಅಂದಾಜಿಗೆ ಹಾಕು."

"ಅಂದಾಜು ಅಂದ್ರೆ ಎಷ್ಟು ಗ್ರಾಂ?"

ಇವಳು ನನ್ನ ಮುಖ ನೋಡಿದಳು. ಆಮೇಲೆ ಅವನ ಅಂಗೈ ಹಿಡಿದು, ಬೆರಳು ಸ್ವಲ್ಪ ಮಡಚಿಸಿ, "ಇಷ್ಟು" ಅಂದಳು.